ಕೀಲಿಕೈ, ಪ್ರತಿಗಳು ಎರಡು

ಶಾಲೆಯ ಗ್ರಂಥಾಲಯಕ್ಕೆ ಯಾವ ಪುಸ್ತಕ ಬೇಕೆಂದು ಮಾಸ್ತರರನ್ನೇ ಕೇಳಬೇಕು ಎಂಬ ದಿವ್ಯ ವಿಚಾರ ಈ ಲೇಖಕ ಮಹಾಶಯನಿಗೆ ಹೊಳೆದದ್ದು ಬೀದರಿನ ಮಹಮೂದ್ ಗವಾನ್ ಮದರಸಾದ ಹತ್ತಿರ ಚಾ ಕುಡಿಯುವಾಗ. 1472ರ ಆ ಮದರಸಾದಲ್ಲಿ 3,000 ಹಸ್ತಪ್ರತಿಗಳಿದ್ದವಂತೆ. ಗವಾನ್ ಯಾರನ್ನು ಕೇಳಿ ತರಿಸಿದನೋ! ಈತನಂತೂ ನಾಲ್ಕು ಕಾಲಮ್ಮಿನ ನಮೂನೆ ಮಾಡಿದ: ಪುಸ್ತಕದ ಹೆಸರು, ಲೇಖಕರು, ಪ್ರತಿಗಳು, ಕಾರಣ. 50 ಝೆರಾಕ್ಸ್ ಹೊಡೆಸಿ ಭಾಲ್ಕಿ, ಔರಾದ್ ಬಸ್ಸು ಹತ್ತಿಯೇಬಿಟ್ಟ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ಪುಸ್ತಕದ ಬಾಬತ್ತು ವರ್ಷಕ್ಕೆ 5,000ದಿಂದ 20,000 ರೂಪಾಯಿ ಅನುದಾನದ ಅವಕಾಶವಿದೆ. ದುಡ್ಡಿದ್ದರೆ ಸಾಕೇ, ಯಾದಿ ಬೇಡವೇ?

ಯಾದಿ ಬಂತು. ಬೀದರ್ ನಗರದ ಉರ್ದು ಶಾಲೆಯ ಮೇಡಮ್ ಉರ್ದು–ಕನ್ನಡ ನಿಘಂಟು ಕೇಳಿದರು. ಔರಾದಿನ ಗಡಿಹಳ್ಳಿಯ ಮಾಸ್ತರರು, ಮನೆಯಲ್ಲಿ ಮರಾಠಿ, ತಾಂಡಾದಲ್ಲಿ ಲಂಬಾಣಿ ಆಡುವ ಮಕ್ಕಳಿಗೆ ಅಕ್ಷರ ಕಡಿಮೆ, ಚಿತ್ರ ಜಾಸ್ತಿ ಇರಲಿ ಎಂದರು. ಒಬ್ಬರು ಪೊಲೀಸ್ ಭರ್ತಿಯ ಗೈಡು ಬರೆದಿದ್ದರು. ಅದು ಶಾಲೆಗಲ್ಲ, ಅಳಿಯನಿಗೆ. ಉಳಿದವರೆಲ್ಲ "ನೀವೇ ನೋಡಿ ತರ್ರಿ ಸರ್" ಎಂದು ಸಹಿ ಹಾಕಿ ಕೈತೊಳೆದುಕೊಂಡರು.

ಭಾಲ್ಕಿ ಕಡೆಯ ಒಂದು ನಮೂನೆ ಮಾತ್ರ ಪೂರ್ತಿ ಭರ್ತಿಯಾಗಿತ್ತು. ಹೆಸರು: ಕೀಲಿಕೈ. ಲೇಖಕರು: ಗೊತ್ತಿಲ್ಲ. ಪ್ರತಿಗಳು: 2. ಕಾರಣ: ತುರ್ತು.

ಮಹಾಶಯ ನೆಟ್ಟಗೆ ಪುಸ್ತಕದಂಗಡಿಗೆ ನಡೆದ.

"ಕೀಲಿಕೈ ಅವ ಏನ್ರಿ?"

ಅಂಗಡಿಯವರು ಗಲ್ಲಾದ ಖಾನೆಗೆ ಕೈಹಾಕಿ "ಯಾವುದರದ್ರಿ?" ಎಂದರು.

"ಲೇಖಕರ ಹೆಸರು ಗೊತ್ತಿಲ್ರಿ."

ಕೈ ಹಿಂದಕ್ಕೆ ಬಂತು. ಕನ್ನಡಕ ಮೇಲೇರಿತು. "ಕಥೀನೋ, ಕವನಾನೋ?"

ಗೊತ್ತಿಲ್ಲವೆಂದು ಎರಡನೇ ಸಲ ಹೇಳಲು ಮಾನ ಅಡ್ಡ ಬಂತು. "ಸಾಮಾಜಿಕ ಕಾದಂಬರಿ" ಎಂದ, ಎರಡು ಸಲ ಓದಿದವನ ಗತ್ತಿನಲ್ಲಿ. ಹುಡುಗ ಏಣಿ ಹತ್ತಿದ. ಧೂಳು ಬಿತ್ತು, ಒಂದು ಹಲ್ಲಿಯೂ ಬಿತ್ತು. "ಕೀಲಿಕೈ ಇಲ್ರಿ, ಕಾಳಿದಾಸ ಅದಾನ" ಎಂದು ಮೇಲಿನಿಂದ ವರದಿ. ಸೋಲೊಪ್ಪದ ಅಂಗಡಿಯವರು "ಮೊನ್ನೀತನ ಐದು ಪ್ರತಿ ಇದ್ವು. ಭಾಳ ಹೋಗ್ತದ ಅದು. ಮುಂದಿನ ವಾರ ಬರ್ತದ" ಎಂದರು. ಮಹಾಶಯ 100 ರೂಪಾಯಿ ಮುಂಗಡ ಕೊಟ್ಟು ರಶೀದಿ ಪಡೆದ.

ಮರುದಿನ ಫೋನಿನಲ್ಲಿ ಆ ಶಾಲೆಯ ಮೇಡಮ್ ನಗು ತಡೆದುಕೊಂಡು ಹೇಳಿದರು: "ಅಲಮಾರಿದು ಸರ್! ಪುಸ್ತಕ ಒಳಗೇ ಅವ. ಹಳೇ ಹೆಡ್‌ಮಾಸ್ತರು ವರ್ಗ ಆಗಿ ಹೋಗುವಾಗ ಕೀಲಿಕೈ ಅವರ ಕಿಸೇದಾಗೇ ಹೋತು."

"ಕೀಲಿ ಒಡೀರಿ ಮತ್ತ."

"ಒಡದ ಮ್ಯಾಲ ಒಂದು ಪುಸ್ತಕ ಕಡಿಮಿ ಬಿದ್ರ, ಯಾರ ಪಗಾರದಾಗ ಹಿಡೀತಾರ ಸರ್?" ಈಗ ಅವರ ದನಿಯಲ್ಲಿ ನಗುವಿರಲಿಲ್ಲ.

ಪುಸ್ತಕ ಇರುವುದೇ ಬಳಕೆಗೆ ಎಂದು 1931ರಲ್ಲೇ ಸೂತ್ರ ಹಾಕಿದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್, ಯುರೋಪಿನಲ್ಲಿ ಹಿಂದೆ ಪುಸ್ತಕಕ್ಕೆ ಸರಪಳಿ ಬಿಗಿಯುತ್ತಿದ್ದುದನ್ನು ವಿವರಿಸುತ್ತಾರೆ. ಸರಪಳಿಯದನ್ನು ನಿಂತಾದರೂ ಓದಬಹುದಿತ್ತು. ಇದೇ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈಗ ಅಲಮಾರಿಯ ಮೇಲೆ 'ಗ್ರಂಥಾಲಯ' ಎಂದು ಅಚ್ಚಗನ್ನಡದಲ್ಲೇ ಬರೆದಿದೆ. ಒಳಗೇನಿದೆಯೋ ಮಕ್ಕಳು ಕಂಡಿಲ್ಲ.

ಮುಂಗಡ ವಾಪಸು ಕೇಳಲು ಹೋದರೆ ಅಂಗಡಿಯವರು ಚಾ ತರಿಸಿದರು.

"ಗಡಿಬಿಡಿ ಮಾಡಬ್ಯಾಡ್ರಿ ಸರ್, ಎರಡನೇ ಮುದ್ರಣ ನಡದದ."