ಕವರೇಜ್ ಮೀಮಾಂಸೆ: ಶೇಕಡಾ ನೂರರ ಸಿದ್ಧಿಮಾರ್ಗಗಳು

ಟೆಸ್ಟುಗಳು ಓಡುವಾಗ ಪ್ರೋಗ್ರಾಮಿನ ಎಷ್ಟು ಭಾಗ ಚಾಲನೆಗೆ ಬಂದಿತೆಂಬುದನ್ನು ಶೇಕಡಾವಾರು ಹೇಳುವ ಅಳತೆಗೆ ಕೋಡ್ ಕವರೇಜ್ ಎಂದು ಹೆಸರು. 1963ರಲ್ಲಿ ಮಿಲ್ಲರ್ ಮತ್ತು ಮಲೋನಿ ಪ್ರಕಟಿಸಿದ ಲೇಖನದಿಂದ ಮೊದಲಾದ ಈ ದರ್ಶನವು ಕಾಲಕ್ರಮದಲ್ಲಿ ಹಲವು ಮತಗಳಾಗಿ ಕವಲೊಡೆಯಿತು. ಪ್ರತಿ ಸಾಲೂ ಒಮ್ಮೆ ಓಡಿದರೆ ಮೋಕ್ಷವೆನ್ನುವವರು ವಾಕ್ಯವಾದಿಗಳು. ಪ್ರತಿ 'ಇಫ್' ಒಮ್ಮೆ ನಿಜವೂ ಒಮ್ಮೆ ಸುಳ್ಳೂ ಆಗಲೇಬೇಕೆನ್ನುವವರು ಶಾಖಾವಾದಿಗಳು. ಆದಿಯಿಂದ ಅಂತ್ಯದವರೆಗಿನ ಎಲ್ಲ ದಾರಿಗಳನ್ನೂ ತುಳಿಯಬೇಕೆನ್ನುವ ಮಾರ್ಗವಾದವು ಇವೆಲ್ಲಕ್ಕಿಂತ ಶುದ್ಧವಾದುದಾದರೂ, ಸಾಲಾಗಿ ಬರುವ ಇಪ್ಪತ್ತು ಸ್ವತಂತ್ರ ಇಫ್‌ಗಳಿಗೇ 10,48,576 ದಾರಿಗಳಾಗುವುದರಿಂದ ಅದಕ್ಕೆ ಅನುಯಾಯಿಗಳು ದೊರೆಯಲಿಲ್ಲ. ಪ್ರತಿ ಷರತ್ತೂ ತಾನೊಂದೇ ನಿರ್ಣಯವನ್ನು ಬದಲಿಸಬಲ್ಲದೆಂದು ತೋರಿಸಿಕೊಡಬೇಕೆಂಬ ನಿಯಮವನ್ನು 1992ರ ಡಿಒ-178ಬಿ ಎಂಬ ಮಾನದಂಡವು ವಿಮಾನಗಳ ಅತಿ ನಿರ್ಣಾಯಕ ತಂತ್ರಾಂಶಕ್ಕೆ ವಿಧಿಸಿತು. ಆ ವಿಮಾನದಲ್ಲಿ ತಾವೂ ಕೂರಬೇಕಾದವರು ಕಟ್ಟಿದ ಮತವಾದ್ದರಿಂದ ಅದರಲ್ಲಿ ವಿನೋದಕ್ಕೆ ಎಡೆ ಕಡಿಮೆ.

ಪರಸ್ಪರ ಖಂಡಿಸಿಕೊಳ್ಳುವ ಈ ಮತಗಳಿಗೆಲ್ಲ ಒಂದು ವಿಷಯದಲ್ಲಿ ಒಮ್ಮತವಿದೆ: ಬಂದ ಉತ್ತರ ಸರಿಯೇ ಎಂದು ಯಾವ ಮತವೂ ವಿಚಾರಿಸುವುದಿಲ್ಲ. ಹಾಗೆ ವಿಚಾರಿಸಲೆಂದೇ ಟೆಸ್ಟಿನಲ್ಲಿ ಬರೆಯುವ 'ಅಸರ್ಟ್' ಸಾಲುಗಳನ್ನೆಲ್ಲ ಅಳಿಸಿದರೂ ಕವರೇಜ್ ಕೂದಲೆಳೆಯಷ್ಟೂ ಇಳಿಯದಿರುವುದು, ಬಾಗಿಲು ತಟ್ಟಿ, ಅದು ತೆರೆಯುವ ಮೊದಲೇ ಮುಂದಿನ ಮನೆಗೆ ನಡೆದ ಗಣತಿದಾರನ ವರದಿಯೂ ಪರಿಪೂರ್ಣವೆನಿಸುವಂತೆಯೇ ಸರಿ.

ಇನ್ನು ಅಂಕವೃದ್ಧಿಯ ಪ್ರಮೇಯ. ನೂರು ಸಾಲುಗಳಲ್ಲಿ ಎಂಬತ್ತು ಓಡಿರುವ ಪ್ರೋಗ್ರಾಮಿನಲ್ಲಿ, ಓಡಿದ ಭಾಗದಿಂದಲೇ ಇಪ್ಪತ್ತು ವ್ಯರ್ಥ ಸಾಲುಗಳನ್ನು ಕಿತ್ತುಹಾಕಿದ ಸಜ್ಜನನ ಅಂಕ 80ರಿಂದ 75ಕ್ಕೆ ಕುಸಿದು, ಅವನ ಕೋಡ್ ಕನಿಷ್ಠ ಕವರೇಜ್ ಕೇಳುವ ಗೇಟಿನಲ್ಲೇ ತಿರಸ್ಕೃತವಾಗುತ್ತದೆ. ಅದೇ ಭಾಗಕ್ಕೆ ನೂರು ಸಾಲು ಕಸ ಸುರಿದವನ ಅಂಕ 90ಕ್ಕೇರಿ, ವಾರ್ಷಿಕ ಮೌಲ್ಯಮಾಪನದಲ್ಲಿ ಅವನು ಗುಣಮಟ್ಟದ ಪ್ರತಿಪಾದಕನೆನಿಸುತ್ತಾನೆ. ಈ ಪ್ರಮೇಯಕ್ಕೆ ಭಾಗಾಕಾರದ ಹೊರತು ಬೇರೆ ಪ್ರಮಾಣ ಬೇಕಿಲ್ಲ.

ಈ ದೋಷಗಳ ನಿವಾರಣೆಗೆ ಡಿಮಿಲೊ, ಲಿಪ್ಟನ್ ಮತ್ತು ಸೇವರ್ಡ್ 1978ರಲ್ಲಿ ಮಂಡಿಸಿದ ರೂಪಾಂತರವಾದವು ಯೋಗ್ಯವೆಂದು ತೋರುತ್ತದೆ. ಪ್ರೋಗ್ರಾಮಿನಲ್ಲಿ ಬೇಕೆಂದೇ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿಸಿ, ಆಗಲೂ ಟೆಸ್ಟುಗಳು ಎಲ್ಲ ಸರಿಯೆಂದು ಹಸಿರು ತೋರಿದರೆ ಅವು ನಿದ್ರಿಸುತ್ತಿದ್ದವೆಂದು ಈ ವಾದವು ತೀರ್ಮಾನಿಸುತ್ತದೆ. ಆದರೆ ಕೆಲವು ರೂಪಾಂತರಗಳು ಮೂಲದಂತೆಯೇ ವರ್ತಿಸುವುದರಿಂದ ಯಾವ ಟೆಸ್ಟಿಗೂ ಸಿಕ್ಕಿಬೀಳುವುದಿಲ್ಲ. ಅಂಥವನ್ನು ಎಲ್ಲ ಸಂದರ್ಭಗಳಲ್ಲೂ ಗುರುತಿಸಬಲ್ಲ ಅಲ್ಗಾರಿದಮ್ ಇರಲು ಸಾಧ್ಯವೇ ಇಲ್ಲವೆಂಬುದು ಗಣಿತಸಿದ್ಧವಾಗಿರುವುದರಿಂದ, ಆ ಕೆಲಸವನ್ನು ಸಂಪ್ರದಾಯದಂತೆ ತಂಡಕ್ಕೆ ಹೊಸದಾಗಿ ಸೇರಿದವರಿಗೆ ಶುಕ್ರವಾರ ಸಂಜೆಯೊಳಗೆ ಮುಗಿಸುವಂತೆ ವಹಿಸಲಾಗುತ್ತದೆ.