ಮಗಳ ಮೆರಿಟ್ಟು, ಅಪ್ಪನ ಎಡವಟ್ಟು

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನು 21 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಊರಿನ ಅರ್ಧ ಜನರ ಸಾಲ, ಇನ್ನರ್ಧ ಜನರ ಬಡ್ಡಿ ನನ್ನ ಬೆರಳ ತುದಿಯಲ್ಲಿದೆ. 2022ರ ಜೂನ್‌ನಲ್ಲಿ ಮಗಳ ಪಿಯುಸಿ ಫಲಿತಾಂಶ ಬಂತು. 600ಕ್ಕೆ 571. ಬೇರೆಯವರಾಗಿದ್ದರೆ ಸಿಹಿ ತರಲು ಓಡುತ್ತಿದ್ದರು. ನಾನು ನೋಟ್‌ಬುಕ್ ತೆಗೆದೆ. ಮೈಸೂರಿನಲ್ಲಿ ಬಿ.ಎಸ್ಸಿ ಓದಿಸಲು ಫೀಸು, ಹಾಸ್ಟೆಲ್ಲು, ಪುಸ್ತಕ, ಬಸ್ಸು ಎಲ್ಲವನ್ನೂ ಎಡಗಡೆ ಬರೆದೆ. ಬಲಗಡೆ ‘ಸ್ಕಾಲರ್‌ಶಿಪ್’ ಎಂದು ಬರೆದು ಅಷ್ಟೇ ಮೊತ್ತ ಹಾಕಿದೆ. ಕೆಳಗೆ ಎರಡು ಗೀಟು ಎಳೆದೆ. ಟ್ಯಾಲಿ ಆಯಿತು.

ಹೆಂಡತಿ ಬಗ್ಗಿ ನೋಡಿ, “ಈ ಬಲಗಡೇದು ಕೊಡೋರು ಯಾರು?” ಅಂದಳು.

“ಸರ್ಕಾರ.”

“ಅವರಿಗೆ ಹೇಳಿದೀರಾ?”

ನಮ್ಮಮ್ಮ ಒಳಗಿನಿಂದಲೇ ನನ್ನ ಪರ ವಹಿಸಿದರು. ವಿಶ್ವೇಶ್ವರಯ್ಯನವರು ಬೀದಿ ದೀಪದಲ್ಲಿ ಓದಿದರು, ಮೈಸೂರು ಸರ್ಕಾರವೇ ದುಡ್ಡು ಕೊಟ್ಟು ಪುಣೆಗೆ ಕಳಿಸಿ ಎಂಜಿನಿಯರ್ ಮಾಡಿಸಿತು, ಬುದ್ಧಿ ಇದ್ದೋರನ್ನ ಸರ್ಕಾರ ಕೈಬಿಡಲ್ಲ ಅಂತ. ಬೀದಿ ದೀಪದ ವಿಷಯ ಅಮ್ಮನಿಗೇ ಬಿಟ್ಟದ್ದು, ಪುಣೆಯ ವಿಷಯ ಮಾತ್ರ ನಿಜ. ಆದರೆ ವಿಶ್ವೇಶ್ವರಯ್ಯನವರಿಗೆ ಇದ್ದ ದೊಡ್ಡ ಅನುಕೂಲ ಒಂದುಂಟು. ಅವರ ಅರ್ಜಿ ತುಂಬಿದ್ದು ನಾನಲ್ಲ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕೆವಿಪಿವೈ ಎಂಬ ಸ್ಕಾಲರ್‌ಶಿಪ್. ವಿಜ್ಞಾನ ಓದುವ ಜಾಣರಿಗಾಗಿಯೇ 1999ರಲ್ಲಿ ಶುರುವಾದದ್ದು, ಬೆಂಗಳೂರಿನ ಐಐಎಸ್ಸಿಯವರು ಪರೀಕ್ಷೆ ನಡೆಸುತ್ತಿದ್ದದ್ದು. ಇಷ್ಟು ವರ್ಷ ನನ್ನ ಕಿವಿಗೆ ಬೀಳದ ಈ ಹೆಸರು ಬಿದ್ದದ್ದು ಸರಿಯಾಗಿ 2022ರಲ್ಲಿ, ಅಂದರೆ ಅದು ತನ್ನ ಕೊನೆಯ ಪರೀಕ್ಷೆ ಮುಗಿಸಿ ಇನ್‌ಸ್ಪೈರ್ ಎಂಬ ಇನ್ನೊಂದರಲ್ಲಿ ಲೀನವಾಗುತ್ತಿದ್ದ ಹೊತ್ತಿಗೆ. ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೋಗುವ ಅಭ್ಯಾಸ ನಮ್ಮ ವಂಶದಲ್ಲೇ ಇದೆ.

ಸರಿ, ಇನ್‌ಸ್ಪೈರ್ ಹಿಡಿದೆ. ಅದನ್ನು ಓದುತ್ತಾ ಹೋದಂತೆ ನನ್ನ ಮೈ ಬಿಸಿಯಾಯಿತು. ವರ್ಷಕ್ಕೆ 80,000! ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ, 20,000 ಬೇಸಿಗೆಯ ಸಂಶೋಧನೆಗೆ. ಆದಾಯದ ಮಿತಿ ಇಲ್ಲ. ಮೂಲ ವಿಜ್ಞಾನ ಓದಬೇಕು, ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಇರಬೇಕು, ಅಷ್ಟೇ. ಮಗಳು ಆ ಒಂದರ ಹೊಸ್ತಿಲವರೆಗೂ ಹೋಗಿ ಹೊರಗೇ ನಿಂತಳು. ಕೆಮಿಸ್ಟ್ರಿಯಲ್ಲಿ ಮಾತ್ರ ಅಂಕ ಕಡಿಮೆ ಬಿದ್ದಿತ್ತು. ಕಾರಣ ಏನು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ದಿನ ನನ್ನ ಷಡ್ಡಕರ ಗೃಹಪ್ರವೇಶ. “ಹೋಗದಿದ್ರೆ ಏನಂದ್ಕೊಳ್ತಾರೆ, ಊಟ ಮಾಡ್ಕೊಂಡು ಬಂದ್ಬಿಡೋಣ” ಎಂದು ಇಡೀ ಮನೆಯನ್ನು ಕಾರಿಗೆ ತುಂಬಿದವನು ನಾನು. ಹೋಳಿಗೆ ಚೆನ್ನಾಗಿತ್ತು. ಒಂದು ಹೋಳಿಗೆಗೆ ಎಷ್ಟು ಸಾವಿರ ಬಿತ್ತು ಎಂಬ ಲೆಕ್ಕವನ್ನು ನಾನು ಇವತ್ತಿಗೂ ಹಾಕಿಲ್ಲ.

ಷಡ್ಡಕರು ಈ ಕತೆಯಲ್ಲಿ ಮತ್ತೆ ಬರುತ್ತಾರೆ. ಅವರು ಎಲ್ಲ ಕತೆಯಲ್ಲೂ ಬರುತ್ತಾರೆ.

ಮುಂದಿನದು ಪಿಯುಸಿ ನಂತರ ಕಾಲೇಜು ಸೇರುವವರಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ. ಪದವಿಗೆ ವರ್ಷಕ್ಕೆ 12,000. ಬೋರ್ಡಿನಲ್ಲಿ ಪಾಸಾದವರ ಪೈಕಿ 80 ಪರ್ಸೆಂಟೈಲ್‌ಗಿಂತ ಮೇಲಿರಬೇಕು. ನಾನು ಅದನ್ನು 80 ಪರ್ಸೆಂಟ್ ಎಂದು ಓದಿ ಮಂಡಿಯಲ್ಲೆಲ್ಲ ಸಾರಿದೆ. ಮಗಳು ಎರಡರ ನಡುವಿನ ವ್ಯತ್ಯಾಸವನ್ನು ತಟ್ಟೆಯಲ್ಲಿದ್ದ ಚಕ್ಕುಲಿಯಲ್ಲಿ ತೋರಿಸಿ ವಿವರಿಸಿದಳು. ಚಕ್ಕುಲಿ ಮುಗಿಯಿತು, ವ್ಯತ್ಯಾಸ ತಿಳಿಯಲಿಲ್ಲ, ಆದರೆ ಹೇಗೆ ನೋಡಿದರೂ ಅವಳು ಪಾಸು. ಅಡ್ಡ ಬಂದದ್ದು ನಾನು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿರಬೇಕು. ನನ್ನ ಸಂಬಳ, ತೋಟದ ಕಾಯಿ, ಹೆಂಡತಿ ಮಾರುವ ಹಾಲು ಎಲ್ಲ ಸೇರಿಸಿ ಜಾಡಿಸಿದರೂ ಎರಡೂವರೆ ದಾಟುವುದಿಲ್ಲ. ಆದರೆ ಚೀಲದಲ್ಲಿದ್ದ ಆದಾಯ ಪ್ರಮಾಣಪತ್ರ 5,10,000 ಎನ್ನುತ್ತಿತ್ತು.

ಅದರ ಕತೆ ಹೀಗೆ. ಹಿಂದಿನ ವರ್ಷ ವಿಚಾರಣೆಗೆ ಗ್ರಾಮ ಲೆಕ್ಕಿಗರು ಮನೆಗೆ ಬಂದಾಗ ಜಗಲಿಯ ಮೇಲೆ ಷಡ್ಡಕರು ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಬೀದಿಯಲ್ಲಿ ಅವರ ಬಿಳಿ ಕಾರು. “ಯಜಮಾನ್ರೇ, ವರ್ಷಕ್ಕೆ ಆದಾಯ ಎಷ್ಟು ಬರುತ್ತೆ?” ಎಂದರು ಲೆಕ್ಕಿಗರು. ಷಡ್ಡಕರ ಲೋಟ ತುಟಿಯ ಹತ್ತಿರ ಹೋಗಿ ನಿಂತಿತು. ಆ ಲೋಟ ನಿಂತದ್ದೇ ನನಗೆ ಮುಳುವಾಯಿತು. “ಐದು ಲಕ್ಷದ ಮೇಲೇ ಬರುತ್ತೆ ಬಿಡಿ” ಎಂದೆ. ಲೆಕ್ಕಿಗರು ಒಮ್ಮೆ ನಮ್ಮ ಹೆಂಚು ನೋಡಿದರು, ಒಮ್ಮೆ ನನ್ನ ಚಪ್ಪಲಿ ನೋಡಿದರು, ಕೊನೆಗೆ ಕಾರು ನೋಡಿ ಬರೆದುಕೊಂಡರು. ಷಡ್ಡಕರು “ಪರವಾಗಿಲ್ವೇ” ಎಂದು ಕಾಫಿ ಮುಗಿಸಿದರು. ಅವತ್ತು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಆ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು.

ಬದಲಾಯಿಸಿಕೊಡಿ ಎಂದು ಕೇಳಲು ಕಚೇರಿಗೆ ಹೋದೆ. ನನ್ನ ದಾಖಲೆಗಳೆಲ್ಲ ಯಾವುದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಚೀಲದಲ್ಲಿದ್ದವು. ಅಲ್ಲಿದ್ದವರು ಚೀಲದ ಮೇಲಿನ ವಧೂವರರ ಹೆಸರು ಓದಿ, “ಇವರಲ್ಲಿ ಅರ್ಜಿದಾರರು ಯಾರು?” ಎಂದರು. ಅದು ಬಗೆಹರಿದ ಮೇಲೆ, “ಒಂದು ವರ್ಷದಲ್ಲಿ ಆದಾಯ ಅರ್ಧಕ್ಕಿಂತ ಕಮ್ಮಿ ಆಗಿದೆ ಅಂತೀರಿ. ಕಾರಣ ಏನಂತ ಬರೀಲಿ?” ಎಂದು ಕೇಳಿದರು.

ಕಾರಣ ನನಗೆ ಗೊತ್ತಿತ್ತು. ಷಡ್ಡಕರು ಊರಿಗೆ ಹೋದರು. ಅದನ್ನು ಬರೆಯುವ ಕಾಲಂ ಅರ್ಜಿಯಲ್ಲಿರಲಿಲ್ಲ.

ಈ ನಡುವೆ ನಮ್ಮ ಜಾತಿಯ ಸಂಘದವರು ಪ್ರತಿಭಾ ಪುರಸ್ಕಾರ ಇಟ್ಟುಕೊಂಡರು. ಬೆಂಗಳೂರಿನಲ್ಲಿ, ಬೆಳಿಗ್ಗೆ ಹತ್ತಕ್ಕೆ. ಮುಖ್ಯ ಅತಿಥಿಗಳು ಬಂದದ್ದು ಒಂದೂವರೆಗೆ. “ಮಕ್ಕಳು ಬರೀ ಅಂಕಗಳ ಹಿಂದೆ ಓಡಬಾರದು” ಎಂದು 40 ನಿಮಿಷ ಮಾತಾಡಿ, ಅಂಕಗಳ ಇಳಿಕೆ ಕ್ರಮದಲ್ಲಿ ಮಕ್ಕಳನ್ನು ಕರೆದು ಶಾಲು ಹೊದಿಸಿದರು. ಮಗಳಿಗೆ ಒಂದು ಫಲಕ, ಒಂದು ಹಾರ, ಕವರಿನಲ್ಲಿ 1,000 ರೂಪಾಯಿ ಬಂತು. ಇಡೀ ಕುಟುಂಬ ನೋಡಲಿ ಎಂದು ನಾನು ಮಾಡಿಕೊಂಡು ಹೋದ ಟ್ಯಾಕ್ಸಿಗೆ 4,200. ಫೋಟೊದಲ್ಲಿ ಮಗಳ ಮುಖದ ಮೇಲೆ ಮುಖ್ಯ ಅತಿಥಿಗಳ ಮೊಣಕೈ ಇದೆ.

ಕೊನೆಗೆ ಉಳಿದದ್ದು ರೈತ ವಿದ್ಯಾನಿಧಿ. ರಾಜ್ಯ ಸರ್ಕಾರ 2021ರಲ್ಲಿ ರೈತರ ಮಕ್ಕಳಿಗೆ ತಂದದ್ದು. ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500. ಎಂಬತ್ತು ಸಾವಿರದಿಂದ ಐದೂವರೆ ಸಾವಿರಕ್ಕೆ ಇಳಿದಿದ್ದೆ. ಆದರೂ ಒಂದು ಸಮಾಧಾನವಿತ್ತು. ಇದರಲ್ಲಿ ನನ್ನ ಬಡಾಯಿಗೆ ಜಾಗವಿರಲಿಲ್ಲ, ರೈತನಾಗಿದ್ದರೆ ಸಾಕು. ಒಂದು ಎಕರೆ ಹನ್ನೆರಡು ಗುಂಟೆ ತೆಂಗಿನ ತೋಟ ಇದೆಯಲ್ಲ. ಎದೆಯುಬ್ಬಿಸಿ ಕಚೇರಿಗೆ ಹೋದೆ.

“ಫ್ರೂಟ್ಸ್‌ನಲ್ಲಿ ನೋಂದಣಿ ಆಗಿದೆಯಾ?” ಎಂದರು.

“ಇಲ್ಲ ಸಾರ್, ನಮ್ಮದು ಹಣ್ಣಿನ ತೋಟ ಅಲ್ಲ, ತೆಂಗು.”

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಫ್ರೂಟ್ಸ್ ಎಂದರೆ ರೈತರನ್ನು ನೋಂದಾಯಿಸುವ ತಂತ್ರಾಂಶದ ಹೆಸರಂತೆ. ಹೋಗಲಿ, ಪಹಣಿ ಕೊಡಿ ಎಂದರು, ಕೊಟ್ಟೆ. ಅವರು ಅದನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಓದಿದರು. ಪಹಣಿಯ ಪ್ರಕಾರ ಆ ತೋಟದ ಖಾತೆದಾರರೂ ನಮ್ಮ ತಾತ, ಸಾಗುವಳಿ ಮಾಡುತ್ತಿರುವವರೂ ನಮ್ಮ ತಾತ. ತಾತ ತೀರಿಕೊಂಡದ್ದು 1994ರಲ್ಲಿ. 28 ವರ್ಷದಿಂದ ಆ ಮಹಾನುಭಾವರು ಮೇಲಿನಿಂದಲೇ ಬುಡ ಬಿಡಿಸಿ, ಗೊಬ್ಬರ ಹಾಕಿ, ಕಾಯಿ ಕೆಡವುತ್ತಿದ್ದರು. ನಾನು ಬರೀ ತಿನ್ನುವವನು.

ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಇಬ್ಬರು ಸೋದರತ್ತೆಯರು ಬೇಕು. ಊರಿನ ಸಾಲವೆಲ್ಲ ಬಾಯಿಪಾಠ ಇಟ್ಟುಕೊಂಡವನು ಈ ಒಂದು ಕೆಲಸವನ್ನು ‘ಮುಂದಿನ ಯುಗಾದಿ’ಗೆ ತಳ್ಳುತ್ತಲೇ ಬಂದಿದ್ದೆ. ಭದ್ರಾವತಿಯ ಅತ್ತೆ, “ಅಪ್ಪನ ಹೆಸರು ಇರ್ಲಿ ಬಿಡೋ, ಪಾಪ” ಎಂದು ಕಣ್ಣೊರೆಸಿಕೊಂಡರು. ಒಂದು ರೇಷ್ಮೆ ಸೀರೆ ಕಂಡ ಮೇಲೆ ಸಹಿ ಹಾಕಿದರು. ಇನ್ನೊಬ್ಬ ಅತ್ತೆಗೆ ಆ ಸೀರೆಯ ಬಣ್ಣದ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

ಖಾತೆ ಆಯಿತು, ನಾನು ಅಧಿಕೃತವಾಗಿ ರೈತನಾದೆ. ಈಗ ಮಗಳ ಅರ್ಜಿ. ಆಧಾರ್ ಸಂಖ್ಯೆ ಹಾಕಿದರೆ ಓಟಿಪಿ ಬರಬೇಕು. ಬರಲಿಲ್ಲ. ಯಾಕೆಂದರೆ ಮಗಳ ಆಧಾರ್‌ಗೆ ಕೊಟ್ಟಿದ್ದು ನನ್ನ ಹಳೆಯ ನಂಬರು. ಯಾವುದೋ ಜಾತ್ರೆಯಲ್ಲಿ ಪುಕ್ಕಟೆ ಸಿಮ್ ಸಿಕ್ಕಿತೆಂದು ಅದನ್ನು ಎಂದೋ ಎಸೆದಿದ್ದೆ. ಆಧಾರ್ ಕೇಂದ್ರಕ್ಕೆ ಹೋಗಿ 50 ರೂಪಾಯಿ ಕಟ್ಟಿದರೆ ನಂಬರು ಬದಲಾಗುತ್ತದೆ ಎಂದಳು ಮಗಳು. ಐವತ್ತು ರೂಪಾಯಿ ಯಾಕೆ ದಂಡ ಎಂದು ನಾನು ಆ ಹಳೆಯ ನಂಬರಿಗೇ ಫೋನ್ ಮಾಡಿದೆ. ಅತ್ತ ಕಡೆ ಕುರಿಗಳು ಅರಚುತ್ತಿದ್ದವು.

“ನಮಸ್ಕಾರ. ಈಗ ನಿಮಗೊಂದು ಓಟಿಪಿ ಬಂದಿರುತ್ತೆ. ಸ್ವಲ್ಪ ಹೇಳ್ತೀರಾ?”

ಸ್ವಲ್ಪ ಹೊತ್ತು ಕುರಿಗಳದ್ದೇ ಮಾತು. ಆಮೇಲೆ ಮನುಷ್ಯರ ದನಿ ಬಂತು. “ಯಪ್ಪಾ, ಮುಂಜಾನಿಂದ ನೀ ಮೂರನೇದಾಂವ. ಒಬ್ಬಾಂವ ಲಾಟರಿ ಅಂದ, ಒಬ್ಬಾಂವ ಬ್ಯಾಂಕ್ ಮ್ಯಾನೇಜರ್ ಅಂದ. ನಿಂದೇನು?”

“ಸ್ಕಾಲರ್‌ಶಿಪ್.”

“ಇದು ಹೊಸಾದು ಐತಿ ನೋಡು.”

“ನಾನು ಕಳ್ಳ ಅಲ್ಲ ಸ್ವಾಮಿ. ಮಂಡಿಯಲ್ಲಿ ಲೆಕ್ಕ ಬರೀತೀನಿ.”

“ಲೆಕ್ಕಾ ಬರಿಯಾವ್ರು ಕಳ್ಳರಲ್ಲ ಅಂತ ನಿಂಗ ಯಾರ್ ಹೇಳಿದ್ರು?”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮಗಳ ಓದು, ತಾತನ ಪಹಣಿ, ಅತ್ತೆಯ ಸೀರೆ ಎಲ್ಲವನ್ನೂ ಹೇಳಿಕೊಂಡೆ. ಆತ ರಾಣೆಬೆನ್ನೂರು ಕಡೆಯ ಕುರಿ ವ್ಯಾಪಾರಿ. ತಾಳ್ಮೆಯಿಂದ ಕೇಳಿದ. ಮಾರ್ಕ್ಸ್ ಎಷ್ಟು ಎಂದ. 571 ಎಂದೆ.

“ಆರುನೂರಕ್ಕ? ಶಬ್ಬಾಶ್! ಚಲೋ ಓದಸ್ರಿ ಹುಡುಗೀನ.” ಏಕವಚನದಿಂದ ಬಹುವಚನಕ್ಕೆ ಏರಿದ್ದೆ. ನನಗೆ ಗಂಟಲು ತುಂಬಿ ಬಂತು. “ಆದ್ರ ಓಟಿಪಿ ಹೇಳಂಗಿಲ್ರಿ. ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಫೋನ್‌ನ್ಯಾಗ ಹೇಳ್ತಾರಲ್ಲ.”

ಇಡೀ ಪ್ರಹಸನದಲ್ಲಿ ನಿಯಮ ಪಾಲಿಸಿದ್ದು ಆತ ಒಬ್ಬನೇ. 50 ರೂಪಾಯಿ ಕಟ್ಟಿದೆ.

ಅರ್ಜಿ ಹೋಯಿತು. ಮಗಳು ಮೈಸೂರಿಗೆ ಹೋದಳು, ನಾನು ಅವಳ ಫೀಸಿಗೆ ಮಂಡಿಯ ಯಜಮಾನರ ಹತ್ತಿರವೇ ಸಾಲ ಎತ್ತಿ, ನನ್ನದೇ ಕೈಯಿಂದ ನನ್ನದೇ ಹೆಸರಿನ ಪುಟ ತೆರೆದೆ. ದಿನಾ ಮಗಳ ಹೊಸ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದೆ. ಎಂಟ್ರಿ ಹಾಕುವ ಯಂತ್ರ ನನ್ನ ಮುಖ ಕಂಡರೆ ತಾನಾಗಿ ಗೊರಗುಟ್ಟುವಂತಾಯಿತು. ಹಣ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಕುರಿ.

“ಲೆಕ್ಕದ ಸಾಹೇಬ್ರಾ? ಐದು ಸಾವಿರದ ಐದುನೂರು ಜಮಾ ಆಗೇತಂತ ನನ್ನ ಫೋನಿಗೆ ಮೆಸೇಜ್ ಬಂದೈತಿ. ಆ ಬ್ಯಾಂಕ್‌ನ್ಯಾಗ ನಂದು ಖಾತೇನ ಇಲ್ಲ. ನಿಮ್ಮ ಹುಡುಗೀದ ಇರಬೇಕು ಅಂತ ಹಚ್ಚಿದೆ.”

ನನಗೆ ಆಗ ಹೊಳೆಯಿತು. ಇಂಥ ಹಣ ನಾವು ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮಗಳು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ಬ್ಯಾಂಕಿನವರು ಮಕ್ಕಳ ಖಾತೆ ತೆರೆದರೆ ಆನೆ ಆಕಾರದ ಪ್ಲಾಸ್ಟಿಕ್ ಹುಂಡಿ ಕೊಡುತ್ತಾರೆಂದು ನಾನು ಓಡಿಹೋಗಿ ಖಾತೆ ಮಾಡಿಸಿ, ಆಧಾರ್ ಜೋಡಿಸಿ, ಆ ಹಳೆಯ ನಂಬರು ಕೊಟ್ಟು ಬಂದಿದ್ದೆ. ಆನೆಯ ಸೊಂಡಿಲು ಅದೇ ವಾರ ಮುರಿಯಿತು. ಖಾತೆ ಇದೆ ಎಂಬುದನ್ನೇ ಮರೆತಿದ್ದೆವು.

ಬ್ಯಾಂಕಿಗೆ ಹೋದೆ. ಹಣ ಇದೆ ಎಂದರು. ಕೊಡಿ ಎಂದೆ. ಮಗುವಿಗೆ 18 ತುಂಬಿದೆ, ಪೋಷಕರ ಅಧಿಕಾರ ಮುಗಿಯಿತು, ಅವರೇ ಖುದ್ದಾಗಿ ಬಂದು ಕಾಗದಪತ್ರ ಕೊಡಲಿ ಎಂದರು. ಮಗಳು ಮೈಸೂರಿನಿಂದ ಬಂದು ಹೋಗಲು, ಸೆಮಿಸ್ಟರ್ ಪರೀಕ್ಷೆ ಮುಗಿಯಬೇಕು. ರಾತ್ರಿ ನೋಟ್‌ಬುಕ್ ತೆಗೆದು ಎಡಗಡೆ ಬರೆದೆ. ಟ್ಯಾಕ್ಸಿ, ಎರಡು ರೇಷ್ಮೆ ಸೀರೆ, ಜೆರಾಕ್ಸ್, ಅಫಿಡವಿಟ್, ಬಸ್ಸು, ಆಧಾರ್ 50. ಒಟ್ಟು 13,870. ಬಲಗಡೆ 5,500 ಮತ್ತು 1,000. ಗೀಟು ಎಳೆಯುವ ಮೊದಲೇ ಹೆಂಡತಿ ದೀಪ ಆರಿಸಿದಳು.

ಸುದ್ದಿ ಮುಟ್ಟಿಸಿದವನಿಗೆ ಒಂದು ಥ್ಯಾಂಕ್ಸ್ ಆದರೂ ಹೇಳೋಣವೆಂದು ಮರುದಿನ ರಾಣೆಬೆನ್ನೂರಿಗೆ ಫೋನ್ ಮಾಡಿದೆ.

“ಸಾಹೇಬ್ರ, ನಮ್ಮ ಹುಡುಗೀನೂ ಈ ವರ್ಷ ಎಸ್ಸೆಸ್ಸೆಲ್ಸಿ. ಭಾಳ ಶಾಣ್ಯಾ ಅದಾಳ್ರಿ. ಈ ಸ್ಕಾಲರ್‌ಶಿಪ್ ಹ್ಯಾಂಗ ತಗೋಬೇಕು, ನಿಮಗ ಎಲ್ಲಾ ಗೊತ್ತೈತಿ, ಸ್ವಲ್ಪ ಹೇಳ್ರಿ.”

ಎಲ್ಲಾ ಗೊತ್ತೈತಿ! ತಾಂಬೂಲದ ಚೀಲವನ್ನು ಮೊಳೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡೆ. ಗಂಟಲು ಸರಿಮಾಡಿಕೊಂಡು ಕೇಳಿದೆ:

“ಮೊದಲು ಇದನ್ನ ಹೇಳಿ. ನಿಮ್ಮ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ?”

“ನಮ್ಮಜ್ಜನ ಹೆಸರಿನ್ಯಾಗ ಐತ್ರಿ. ಯಾಕ್ರೀ?”