ಕೋಚ್ ಬೇಕಾಗಿದ್ದಾರೆ

"ಸೋತಿದ್ದೀವಿ, ಕೋಚ್ ಬದಲಿಸಿ!" ಎನ್ನುತ್ತಾನೆ ಯಲಹಂಕದ ಅಭಿಮಾನಿ. (ಕಲ್ಪಿತ ವ್ಯಕ್ತಿ, ಆದರೆ ಅವನಂಥವರಿಗೆ ಬರವೇನಿಲ್ಲ.) ಬದಲಿಸೋಣ ಸ್ವಾಮಿ, ಆದರೆ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಚರಿತ್ರೆಯನ್ನೊಮ್ಮೆ ನೋಡಿ. 2013ರಲ್ಲಿ ಹುಟ್ಟಿದ ತಂಡವನ್ನು ಆಶ್ಲಿ ವೆಸ್ಟ್‌ವುಡ್ ಮೂರು ವರ್ಷ ನಡೆಸಿದರು. ಎರಡು ಐ-ಲೀಗ್ ಬಂದವು. ಆಲ್ಬರ್ಟ್ ರೋಕಾ 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಗೆದ್ದರು. ಗೋವಾ ವಿರುದ್ಧ 117ನೇ ನಿಮಿಷದಲ್ಲಿ, ಕಾರ್ನರ್ ಕಿಕ್‌ಗೆ ರಾಹುಲ್ ಭೇಕೆ ತಲೆಕೊಟ್ಟಾಗ. ಕುರ್ಚಿ ಮನೆಯೊಳಗೇ ಕೈ ಬದಲಿಸಿತ್ತು, ಅಷ್ಟೇ. 2021ರ ಜನವರಿಯಲ್ಲಿ ಸತತ ಮೂರು ಸೋಲಾದದ್ದೇ ತಡ, ಅದೇ ಕ್ವಾಡ್ರಾಟ್ ಹೊರಗೆ! ಆಮೇಲೆ ಕುರ್ಚಿಗೆ ಬಂದವರು ಮೂಸಾ, ಪೆಜ್ಜಾಯುವೊಲಿ, ಗ್ರೇಸನ್. ಹೆಬ್ಬಾಳ ಫ್ಲೈಓವರ್ ಮೇಲೆ ಲೇನ್ ಬದಲಿಸುವ ಕ್ಯಾಬಿನಂತೆ, ತಿರುವುಗಳಿಗೇನೂ ಕೊರತೆಯಿಲ್ಲ.

"ಗ್ರೇಸನ್ ಡ್ಯುರಾಂಡ್ ಕಪ್ ತರಲಿಲ್ಲವೇ?" ತಂದರು, 2022ರಲ್ಲಿ. ಮರುವರ್ಷ ಐಎಸ್ಎಲ್ ಫೈನಲ್ಲನ್ನೂ ಮುಟ್ಟಿಸಿದರು. ಬಹುಮಾನವಾಗಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಮನೆಗೆ ಟಿಕೆಟ್ ಸಿಕ್ಕಿತು. ಆಗ ನಡೆಯುತ್ತಿದ್ದ ಸೀಸನ್ ಮುಗಿದಾಗ ತಂಡ 12ರಲ್ಲಿ 10ನೆಯದು. "ಆದರೆ ಹೊಸ ಕೋಚ್ ಆಗಿ ಬಂದ ಜರಗೋಜಾ 2025ರ ಫೈನಲ್‌ಗೆ ಕರೆದೊಯ್ದರಲ್ಲ?" ಹೌದು, ಮೋಹನ್ ಬಗಾನ್‌ಗೆ 2-1ರಿಂದ ಸೋತರು; ಇದು ನಿಮ್ಮ ಗಟ್ಟಿ ವಾದವೇ. ಆದರೆ ಅವರು ಹೊಸಬರಲ್ಲ, ಕ್ವಾಡ್ರಾಟ್ ಕಾಲದ ಸಹಾಯಕರು! ಆದ್ದರಿಂದ ಯಲಹಂಕದ ಗೆಳೆಯರೇ, ಮುಂದಿನ ಸೋಲಿಗೆ ಕೋಚ್‌ನ ತಲೆ ಕೇಳುವ ಮುನ್ನ, ಅವರ ಜಾಗಕ್ಕೆ ಮನೆಯೊಳಗೇ ಯಾರಿದ್ದಾರೆಂದು ಒಮ್ಮೆ ವಿಚಾರಿಸಿ.